ಹಳೇ ಎತ್ತು ಮೇವು ಕಮ್ಮಿ ತಿಂದದಾ?

'ಸೆಕೆಂಡ್ ಹ್ಯಾಂಡ್' ಅನ್ನೋ ಪದ ನಮ್ಮ ಕಣ್ಣೆದುರೇ ಸತ್ತುಹೋಯ್ತು. ಈಗ ಎಲ್ಲವೂ 'ಪ್ರೀ-ಓನ್ಡ್'. ಗುಂಡ್ಲುಪೇಟೆ ಕಡೆ ರಸ್ತೆ ಪಕ್ಕ ನಿಂತಿರೋ ಟ್ರ್ಯಾಕ್ಟರಿನ ಮೇಲೆ ಮಾತ್ರ ಇನ್ನೂ ನೇರವಾಗಿ 'ಹಳೇ ಗಾಡಿ, ಮಾರಾಟಕ್ಕಿದೆ' ಅಂತ ಬರೆದಿರುತ್ತೆ. ಬೆಂಗಳೂರಿನಲ್ಲಿ ಹತ್ತು ವರ್ಷ ಓಡಿದ ಕಾರು ಪ್ರೀ-ಓನ್ಡ್, ಬ್ಯಾಟರಿ ಬದಲಾಯಿಸಿದ ಫೋನು ರಿಫರ್ಬಿಶ್ಡ್. ಪದದ ಜೊತೆ ನಾಚಿಕೆಯೂ ಹೋಯ್ತು, ಒಳ್ಳೇದೇ ಆಯ್ತು. ಇನ್ನೊಬ್ಬರು ಬಳಸಿದ್ದನ್ನು ಕೊಳ್ಳೋದು ಈಗ ಬಡತನದ ಗುರುತಲ್ಲ, ಜಾಣತನ. ಭೂಮಿಗೂ ಭಾರ ಕಡಿಮೆ ಅಂತ ಒಂದಿಷ್ಟು ಪುಣ್ಯವೂ ಸೇರಿಕೊಂಡಿದೆ.

ಈ ಪುಣ್ಯ ಎಲ್ಲಿವರೆಗೆ ಹೋಗುತ್ತೆ ಅನ್ನೋದು ನನ್ನ ಪ್ರಶ್ನೆ. ಆಫೀಸಿನ ಊಟದ ಮೇಜಿನಲ್ಲಿ ಒಮ್ಮೆ ಇದೇ ವಿಷಯಕ್ಕೆ ಜಗಳ ಹತ್ತಿಕೊಂಡಿತು. ಯಾರೋ ಉದ್ಯಮಿ ದೊಡ್ಡ ಕ್ಯಾಬಿನ್ನಿನ ಬಿಸಿನೆಸ್ ಜೆಟ್ ಕೊಂಡರಂತೆ. 'ಹೊಸದಲ್ಲಪ್ಪಾ, ಪ್ರೀ-ಓನ್ಡ್! ನಿಜವಾಗ್ಲೂ ಸಿಂಪಲ್ ಮನುಷ್ಯ' ಅಂದ ಒಬ್ಬ, ಅರ್ಧ ತಮಾಷೆಗೆ. ಮಿಕ್ಕರ್ಧ ತಮಾಷೆ ಆಗಿರಲಿಲ್ಲ. ಹೊಸ ಲೋಹ ಕರಗಿಸಿಲ್ಲ, ದುಂದು ಮಾಡಿಲ್ಲ, ಸ್ವಂತ ದುಡ್ಡು, ಬೇರೆಯವರಿಗೆ ಏನು ತೊಂದರೆ? ಈ ವಾದವನ್ನು ಸುಮ್ಮನೆ ನಕ್ಕು ತಳ್ಳಿಹಾಕೋಕೆ ಆಗಲ್ಲ. ಎಳೆ ಬಿಡಿಸಿ ನೋಡೋಣ.

ಮೊದಲು ವಸ್ತು ಏನು ಅಂತ ತಿಳ್ಕೊಳ್ಳೋಣ. ಗಲ್ಫ್‌ಸ್ಟ್ರೀಮ್ ಜಿ-550, ಬೊಂಬಾರ್ಡಿಯರ್ ಗ್ಲೋಬಲ್, ಡಸಾಲ್ಟ್ ಫಾಲ್ಕನ್ 7ಎಕ್ಸ್ ಇವೆಲ್ಲ ಈ ಜಾತಿಯವು. ಜಿ-550ನ್ನೇ ತಗೊಳ್ಳಿ. ಎರಡು ರೋಲ್ಸ್ ರಾಯ್ಸ್ ಎಂಜಿನ್. ಒಳಗೆ ಆರಡಿ ಮನುಷ್ಯ ತಲೆ ಬಗ್ಗಿಸದೆ ಓಡಾಡಬಹುದು. ಹತ್ತೊಂಬತ್ತು ಜನರವರೆಗೆ ಕೂರಬಹುದು, ಸಾಮಾನ್ಯವಾಗಿ ಕೂರೋದು ನಾಲ್ಕೈದು ಜನ. ಒಮ್ಮೆ ಟ್ಯಾಂಕ್ ತುಂಬಿಸಿದರೆ ಸುಮಾರು 12,500 ಕಿಲೋಮೀಟರ್, ಅಂದ್ರೆ ಬೆಂಗಳೂರಿನಿಂದ ಲಂಡನ್‌ಗೆ ಎಲ್ಲೂ ಇಳಿಯದೆ ಹೋಗಿ ಇನ್ನೂ ಇಂಧನ ಮಿಗುತ್ತೆ. ಹೊಸದಾಗಿ ಬರ್ತಿದ್ದಾಗ ಬೆಲೆ ಐದಾರು ಕೋಟಿ ಡಾಲರ್. ಹದಿನೈದು ಇಪ್ಪತ್ತು ವರ್ಷ ಹಾರಿದ ಮೇಲೆ ಅದರ ಮೂರನೇ ಒಂದು ಭಾಗಕ್ಕೂ, ಇನ್ನೂ ಕಡಿಮೆಗೂ ಸಿಗುತ್ತೆ.

ಕೊಳ್ಳೋ ಕ್ರಮ ಮಾತ್ರ ನಮ್ಮ ಜಾತ್ರೆಯ ದನದ ವ್ಯಾಪಾರದ ಹಾಗೇ ಇದೆ. ಮುಡುಕುತೊರೆ ಜಾತ್ರೆಯಲ್ಲಿ ಎತ್ತಿನ ಬಾಯಿ ತೆರೆದು ಹಲ್ಲು ಎಣಿಸ್ತಾರೆ, ಬಾಯಿಗೂಡಿದೆಯಾ ನೋಡ್ತಾರೆ, ಸುಳಿ ಹುಡುಕ್ತಾರೆ, ನಾಲ್ಕು ಹೆಜ್ಜೆ ನಡೆಸಿ ಕಾಲು ಪರೀಕ್ಷೆ ಮಾಡ್ತಾರೆ. ಆಮೇಲೆ ದಲ್ಲಾಳಿ ಟವೆಲ್ ಮರೆಯಲ್ಲಿ ಬೆರಳು ಹಿಡಿದು ರೇಟು ಕುದುರಿಸ್ತಾನೆ. ಜೆಟ್ಟಿಗೂ ದಲ್ಲಾಳಿ ಇದ್ದಾನೆ. ಮುಂಗಡವನ್ನು ನಂಬಿಕಸ್ತ ಮೂರನೆಯವರ ಬಳಿ ಇಡ್ತಾರೆ. ಕೊಳ್ಳೋಕೆ ಮುಂಚಿನ ತಪಾಸಣೆಗೆ ವಿಮಾನವನ್ನು ವರ್ಕ್‌ಶಾಪಿಗೆ ಒಯ್ದು, ಪ್ಯಾನೆಲ್ ಬಿಚ್ಚಿ, ಎಂಜಿನ್ ಒಳಗೆ ಕ್ಯಾಮೆರಾ ತೂರಿಸಿ, ತುಕ್ಕು ಹುಡುಕ್ತಾರೆ. ಹುಟ್ಟಿದಾಗಿನಿಂದ ಬರೆದಿಟ್ಟ ಲಾಗ್‌ಬುಕ್ಕು ಪುಟ ಪುಟವಾಗಿ ಓದ್ತಾರೆ. ಲಾಗ್‌ಬುಕ್ ಕಳೆದುಹೋಗಿದ್ರೆ ವಿಮಾನ ಎಷ್ಟು ಚೆಂದ ಇದ್ರೂ ಬೆಲೆ ಬಿದ್ದುಹೋಯ್ತು ಅಂತಲೇ. ಮೇಲೆ ಸಾಲ ಇದೆಯಾ ಅಂತ ದಾಖಲೆ ತೆಗೆಸ್ತಾರೆ. ಎಷ್ಟು ಶಿಸ್ತು ನೋಡಿ! ಪರೀಕ್ಷೆಗೆ ಒಳಗಾಗದೆ ಉಳಿಯೋದು ಒಂದೇ, ಅದು ಕೊಳ್ಳೋ ಕಾರಣ.

'ಹಳೇದಾದ್ರೆ ತಪ್ಪು ಕಡಿಮೆ' ಅನ್ನೋ ವಾದವನ್ನು ಊರಲ್ಲಿ ಅಪ್ಪನ ಮುಂದೆ ಇಟ್ಟೆ. ಅಪ್ಪನಿಗೆ ವಿಮಾನದಲ್ಲಿ ಆಸಕ್ತಿ ಇಲ್ಲ, ಲೆಕ್ಕದಲ್ಲಿ ಇದೆ. 'ಎತ್ತು ಹಳೇದಾದ್ರೆ ರೇಟು ಕಮ್ಮಿ ಆಯ್ತದೆ ಕಣಪ್ಪ. ಮೇವು ಕಮ್ಮಿ ತಿಂದದಾ?' ಅಂದ್ರು.

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಇಂಥ ವಿಮಾನ ಗಂಟೆಗೆ ಸುಮಾರು 1,500 ಲೀಟರ್ ಇಂಧನ ಕುಡಿಯುತ್ತೆ. ಹೊಸತಿದ್ದಾಗಲೂ ಅಷ್ಟೇ, ಮೂರನೇ ಮಾಲೀಕನ ಕೈಗೆ ಬಂದಾಗಲೂ ಅಷ್ಟೇ. ಗಂಟೆಗೆ ಐದು ಲೀಟರ್ ಲೆಕ್ಕದಲ್ಲಿ ನಮ್ಮೂರ ಟ್ರ್ಯಾಕ್ಟರ್ 300 ಗಂಟೆ ಉಳುಮೆ ಮಾಡೋ ಎಣ್ಣೆ ಅದು. ಒಂದು ಲೀಟರ್ ವಿಮಾನದ ಇಂಧನ ಉರಿದರೆ ಸುಮಾರು ಎರಡೂವರೆ ಕಿಲೋ ಇಂಗಾಲದ ಡೈಆಕ್ಸೈಡ್. ಅಂದ್ರೆ ಗಂಟೆಗೆ ಮೂರೂಮುಕ್ಕಾಲು ಟನ್. ಒಬ್ಬ ಸರಾಸರಿ ಭಾರತೀಯನ ಪಾಲು ವರ್ಷಕ್ಕೆ ಸುಮಾರು ಎರಡು ಟನ್. ಇದರ ಮೇಲೆ, ಸಾಹೇಬರನ್ನು ದೆಹಲಿಯಲ್ಲಿ ಇಳಿಸಿ ಖಾಲಿ ವಿಮಾನ ವಾಪಸ್ ಬರೋದೂ ಇರುತ್ತೆ. ಹಳೇ ಕುರ್ಚಿ ಕೊಂಡರೆ ಕುರ್ಚಿಯ ಭಾರ ಭೂಮಿಗೆ ಮುಗಿದ ಲೆಕ್ಕ, ಅದು ಕೂತಲ್ಲೇ ಇರುತ್ತೆ. ದಿನಾ ಮೇಯೋ ವಸ್ತುವಿಗೆ ಆ ಲೆಕ್ಕ ನಡೆಯಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಮೊದಲನೆಯವನು ಐದಾರು ಕೋಟಿ ಡಾಲರ್ ಸುರಿಯೋಕೆ ಧೈರ್ಯ ಮಾಡೋದು, ಐದು ವರ್ಷ ಆದಮೇಲೆ ಅದನ್ನು ಕೊಳ್ಳೋ ಎರಡನೆಯವನು ಇದ್ದೇ ಇರ್ತಾನೆ ಅನ್ನೋ ನಂಬಿಕೆ ಮೇಲೆ. ಹಳೇದು ಕೊಳ್ಳುವವನು ಹೊಸದರ ಬೆಲೆಗೆ ಹಿಂದಿನಿಂದ ಹೆಗಲು ಕೊಟ್ಟಿರ್ತಾನೆ. ನಮ್ಮ ಫೋನು, ಕಾರಿಗೂ ಇದು ನಿಜವೇ. ಪ್ರೀ-ಓನ್ಡ್ ಅನ್ನೋದು ಗಾತ್ರ ಕಡಿಮೆ ಮಾಡಬಹುದು, ಸಂಬಂಧ ಕಡಿದುಹಾಕಲ್ಲ.

ಈ ಮಾರುಕಟ್ಟೆಯ ತಳ ಹೇಗಿರುತ್ತೆ ಅಂತ ಕನ್ನಡಿಗರಿಗೆ ಗೊತ್ತಿರೋ ಕಥೆಯೇ ಇದೆ. ವಿಜಯ್ ಮಲ್ಯ ಅವರ ಏರ್‌ಬಸ್ ಎ-319. ನೂರಕ್ಕೂ ಹೆಚ್ಚು ಜನ ಕೂರಬಹುದಾದ ವಿಮಾನವನ್ನು ಕೆಲವೇ ಜನರಿಗೆ ಅರಮನೆ ಮಾಡಿದ್ದರು. ನೋಂದಣಿ ಸಂಖ್ಯೆ ವಿಟಿ-ವಿಜೆಎಂ, ಅವರದೇ ಇನಿಷಿಯಲ್. 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಶರ್ ಏರ್‌ಲೈನ್ಸ್ ಹಾರಾಟ ನಿಂತಿತು. ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿ ಇತ್ತು. ಸೇವಾ ತೆರಿಗೆ ಇಲಾಖೆ ಬಾಕಿಗಾಗಿ ಈ ವಿಮಾನವನ್ನು ಜಪ್ತಿ ಮಾಡಿ ಮುಂಬೈನಲ್ಲಿ ನಿಲ್ಲಿಸಿಕೊಂಡಿತು. 2016ರ ಹರಾಜಿನಲ್ಲಿ ಇಲಾಖೆ ಕೇಳಿದ್ದು 152 ಕೋಟಿ ರೂಪಾಯಿ, ಬಂದ ಬಿಡ್ 1.09 ಕೋಟಿ. ಬೆಂಗಳೂರಿನಲ್ಲಿ ಆ ದುಡ್ಡಿಗೆ ಒಂದು ಸಾಧಾರಣ ಫ್ಲ್ಯಾಟು. ಕೊನೆಗೆ 2018ರಲ್ಲಿ ಅಮೆರಿಕದ ಒಂದು ಕಂಪನಿ ಸುಮಾರು 34.8 ಕೋಟಿಗೆ ತಗೊಂಡಿತು. ನಿಂತ ವಿಮಾನ ನಿಂತ ಎತ್ತಿಗಿಂತ ಬೇಗ ಕೆಡುತ್ತೆ.

ಈ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸೋದು ಬೆಲೆ ಕುಸಿತ ಅಲ್ಲ. ವಿಮಾನದ ಬೆಲೆ ವರ್ಷ ವರ್ಷ ಕರಗಿತು, ಬಾಕಿ ಸಂಬಳ ಕರಗಲಿಲ್ಲ. ಸವಕಳಿ ಅನ್ನೋದು ವಸ್ತುವಿಗೆ ಇದೆ, ಋಣಕ್ಕೆ ಇಲ್ಲ. ಹಾಗಾಗಿ 'ಅವನ ದುಡ್ಡು, ಅವನಿಷ್ಟ' ಅನ್ನೋ ಮುಂಚೆ ಒಂದು ಚಿಕ್ಕ ತಪಾಸಣೆ ಆಗಬೇಕು: ಅದು ಪೂರ್ತಿ ಅವನ ದುಡ್ಡೇನಾ? ಎಲ್ಲರಿಗೂ ಕೊಡಬೇಕಾದ್ದು ಕೊಟ್ಟಾಗಿದೆಯಾ?

ಕೊಟ್ಟಾಗಿದೆ ಅಂತಲೇ ಇಟ್ಕೊಳ್ಳೋಣ. ನಿಯತ್ತಿನ ಮನುಷ್ಯ, ಸಂಬಳ ತಪ್ಪಿಸಿಲ್ಲ, ತೆರಿಗೆ ಕಟ್ಟಿದಾನೆ. 2025ರ ಸೆಪ್ಟೆಂಬರಿನಿಂದ ಸ್ವಂತ ಬಳಕೆಯ ವಿಮಾನಕ್ಕೆ ಜಿಎಸ್‌ಟಿ ಶೇ 40. ಕೋಲಾ ಇರೋ ಸಾಲಲ್ಲೇ ಸರ್ಕಾರ ಅದನ್ನು ಕೂರಿಸಿದೆ, ಅದನ್ನೂ ಕಟ್ಟಿದಾನೆ. ಆಗ ಅವನ ಬಳಿ ಇರೋ ಗಟ್ಟಿ ವಾದ ಒಂದೇ: ಸಮಯ. 'ನನ್ನ ಒಂದು ಗಂಟೆಗೆ ಬೆಲೆ ಇದೆ. ನಾನು ಒಂದೇ ದಿನ ಮೂರು ಊರು ಮುಟ್ಟಿದರೆ ಸಾವಿರ ಜನಕ್ಕೆ ಕೆಲಸ ಉಳಿಯುತ್ತೆ.' ಇದರಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ಗಂಟೆ ಲೆಕ್ಕದಲ್ಲಿ ಬಿಲ್ ಆಗೋ ಉದ್ಯೋಗದಲ್ಲಿರೋ ನಮಗೆ ಅದು ಚೆನ್ನಾಗೇ ಅರ್ಥ ಆಗುತ್ತೆ. ನನ್ನ ಗಂಟೆಗೂ ಕ್ಲೈಂಟಿನ ಎಕ್ಸೆಲ್ ಶೀಟಿನಲ್ಲಿ ಡಾಲರ್ ರೇಟ್ ಇದೆ. ನನ್ನವ್ವ ಬಿಪಿ ಮಾತ್ರೆಗೆ ಸರ್ಕಾರಿ ಆಸ್ಪತ್ರೆಯ ಕಟ್ಟೆ ಮೇಲೆ ಕೂರೋ ಮೂರು ಗಂಟೆಗೆ ಯಾವ ಶೀಟಿನಲ್ಲೂ ಕಾಲಂ ಇಲ್ಲ. ಕೆಲವರ ಸಮಯ ದುಬಾರಿ ಆಗಿ ಕಾಣೋದು, ಉಳಿದವರ ಸಮಯಕ್ಕೆ ನಾವು ಬೆಲೆ ಬರೆಯದೆ ಬಿಟ್ಟಿರೋದ್ರಿಂದ.

ನಮ್ಮ ತಾಲ್ಲೂಕಿನಲ್ಲಿ ಒಂದು ಗೇಟ್ ಇದೆ. ಗುಂಡ್ಲುಪೇಟೆಯಿಂದ ವಯನಾಡಿಗೆ ಹೋಗೋ ಹೆದ್ದಾರಿ 766 ಬಂಡೀಪುರ ಕಾಡಿನೊಳಗೆ ಹಾಯುತ್ತೆ. 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ಬಂದ್. 2010ರಲ್ಲಿ ಹೈಕೋರ್ಟ್ ಇದನ್ನು ಎತ್ತಿಹಿಡಿಯಿತು, ಕೇರಳ ಸುಪ್ರೀಂ ಕೋರ್ಟಿಗೆ ಹೋಯ್ತು. ಆಂಬುಲೆನ್ಸು, ಅಗ್ನಿಶಾಮಕ, ಬೆರಳೆಣಿಕೆಯ ಸರ್ಕಾರಿ ಬಸ್ಸುಗಳಿಗೆ ಮಾತ್ರ ವಿನಾಯಿತಿ. ಮಿಕ್ಕವರು ಹುಣಸೂರು, ಗೋಣಿಕೊಪ್ಪ, ಕುಟ್ಟದ ಕಡೆಯಿಂದ ಸುತ್ತು ಹಾಕಬೇಕು, ಇಲ್ಲ ಬೆಳಗಾಗೋವರೆಗೆ ಕಾಯಬೇಕು. ತರಕಾರಿ ಲಾರಿಯವನು ಕಾಯ್ತಾನೆ. ಅವನ ಹಿಂದೆ ಬೆಂಜ್ ಕಾರೂ ಕಾಯುತ್ತೆ. ಆ ಒಂಬತ್ತು ಗಂಟೆ ಆನೆಯದು, ಜಿಂಕೆಯದು. ಇದರಿಂದ ನಷ್ಟ ಆಗೋ ವ್ಯಾಪಾರಿಗಳಿದ್ದಾರೆ, ಅವರ ಸಿಟ್ಟೂ ಸುಳ್ಳಲ್ಲ. ಆದರೂ ಎಲ್ಲರ ಸಮಯವನ್ನೂ ಒಂದೇ ತಕ್ಕಡಿಯಲ್ಲಿ ತೂಗೋ ಜಾಗ ಈ ದೇಶದಲ್ಲಿ ಎಷ್ಟಿವೆ ಹೇಳಿ?

ಜೆಟ್ ಮಾರುವವರು ಮಾರೋದು ಇಂಥ ಗೇಟ್ ಇಲ್ಲದ ಬದುಕನ್ನು. ಕ್ಯೂ ಇಲ್ಲ, ಟೈಮ್‌ಟೇಬಲ್ ಇಲ್ಲ, ಪಕ್ಕದ ಸೀಟಿನವನಿಲ್ಲ. ಅದನ್ನು ಸಮಯ ಅಂತ ಕರೀತಾರೆ. ನಾನು ಅದನ್ನು ಬಾಗಿಲು ಅಂತ ಕರೀತೀನಿ, ಉಳಿದವರಿಗೆ ಇಲ್ಲದ ಒಂದು ಹಿಂಬಾಗಿಲು. ಈ ಬಾಗಿಲಿಗೆ ಹೊಸತು ಹಳತು ಅನ್ನೋ ಭೇದ ಇಲ್ಲ.

ಅದರಿಂದ ಯಾರಿಗೆ ಏನು ನಷ್ಟ ಅಂತ ಕೇಳಿದ್ರೆ, 2021ರ ಎರಡು ವಾರ ನೆನಪಿಸಿಕೊಳ್ಳಿ. ಏಪ್ರಿಲ್ ಕೊನೆಯಲ್ಲಿ ಕೊರೋನಾ ಎರಡನೇ ಅಲೆ ಏರ್ತಿದ್ದಾಗ ಬ್ರಿಟನ್ ಭಾರತವನ್ನು ಕೆಂಪು ಪಟ್ಟಿಗೆ ಸೇರಿಸಿತು, ದುಬೈ ಬಾಗಿಲು ಹಾಕೋದಾಗಿ ಹೇಳಿತು. ಗಡುವು ಮುಗಿಯೋಕೆ ಮುಂಚೆ ಹಲವು ಖಾಸಗಿ ಜೆಟ್‌ಗಳು ಇಲ್ಲಿಂದ ಆ ಎರಡೂ ಕಡೆ ಹಾರಿದವು, ಪತ್ರಿಕೆಗಳಲ್ಲಿ ಸುದ್ದಿಯಾಯ್ತು. ಮೇ 2ರ ರಾತ್ರಿಯಿಂದ 3ರ ಬೆಳಗಿನವರೆಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಮುಗೀತು. ಮೈಸೂರಿನಿಂದ ಬರಬೇಕಿದ್ದ ಸಿಲಿಂಡರುಗಳು ಸಮಯಕ್ಕೆ ಬರಲಿಲ್ಲ. ಮೈಸೂರಿಗೂ ಚಾಮರಾಜನಗರಕ್ಕೂ ನಡುವೆ ಇರೋದು ಅರವತ್ತು ಕಿಲೋಮೀಟರ್ ಚಿಲ್ಲರೆ. ಸತ್ತವರು 24 ಮಂದಿ ಅಂತ ಸುದ್ದಿಯಾಯ್ತು. ಹೈಕೋರ್ಟ್ ನೇಮಿಸಿದ ಸಮಿತಿ ವಿಚಾರಣೆ ಮಾಡಿ ವರದಿ ಕೊಟ್ಟಿತು.

ನಾನು ನ್ಯಾಯವಾಗಿ ಮಾತಾಡಬೇಕು. ಆ ಜೆಟ್‌ಗಳು ಹಾರದೇ ಇದ್ದಿದ್ರೆ ಇಲ್ಲಿಗೆ ಸಿಲಿಂಡರ್ ಬರ್ತಿತ್ತು ಅಂತ ಹೇಳಿದ್ರೆ ಅದು ಸುಳ್ಳು. ಯಾರೂ ಯಾರ ಆಮ್ಲಜನಕವನ್ನೂ ಕದಿಯಲಿಲ್ಲ. ಭಯಬಿದ್ದ ಮನುಷ್ಯ ಮಕ್ಕಳನ್ನು ಕರ್ಕೊಂಡು ಓಡೋದು ಪಾಪವೂ ಅಲ್ಲ, ನಾನಾದ್ರೂ ಓಡ್ತಿದ್ದೆ. ಎರಡಕ್ಕೂ ಇರೋ ಸಂಬಂಧ ಒಂದು ರಾತ್ರಿಯದಲ್ಲ, ಮೂವತ್ತು ನಲವತ್ತು ವರ್ಷದ್ದು.

ಆಲ್ಬರ್ಟ್ ಹರ್ಷ್‌ಮನ್ ಅನ್ನೋ ಅರ್ಥಶಾಸ್ತ್ರಜ್ಞ 1970ರಲ್ಲಿ ಬರೆದ ಪುಸ್ತಕದಲ್ಲಿ ಒಂದು ಸರಳ ಮಾತಿದೆ. ಒಂದು ವ್ಯವಸ್ಥೆ ಕೆಡೋಕೆ ಶುರುವಾದಾಗ ನಮ್ಮ ಮುಂದೆ ಎರಡು ದಾರಿ: ಒಂದು ಎದ್ದು ಹೋಗೋದು, ಇನ್ನೊಂದು ಅಲ್ಲೇ ನಿಂತು ದನಿ ಎತ್ತೋದು. ತೊಂದರೆ ಏನಂದ್ರೆ, ಗುಣಮಟ್ಟದ ಬಗ್ಗೆ ಅತಿ ಹೆಚ್ಚು ಕಾಳಜಿ ಇರೋರು, ಜೋರಾಗಿ ಕೇಳೋ ಶಕ್ತಿ ಇರೋರು, ಮೊದಲು ಎದ್ದು ಹೋಗಿಬಿಡ್ತಾರೆ. ಉಳಿದವರ ದನಿ ಮೇಲಿನವರಿಗೆ ಕೇಳಿಸಲ್ಲ, ವ್ಯವಸ್ಥೆ ಇನ್ನೂ ಕೆಡುತ್ತೆ. ಊರಿನ ಶಾಲೆಯಿಂದ ಗೌಡರ ಮಕ್ಕಳು, ಮೇಷ್ಟ್ರ ಮಕ್ಕಳು ಪಟ್ಟಣದ ಕಾನ್ವೆಂಟಿಗೆ ಹೋದ ಮೇಲೆ ಶಾಲೆಯ ಸೋರೋ ಚಾವಣಿ ಬಗ್ಗೆ ಯಾರು ಕೇಳಬೇಕು? ಜಿಲ್ಲೆಯ ಉಳ್ಳವರೆಲ್ಲ ಎದೆನೋವು ಬಂದರೆ ಸೀದಾ ಮೈಸೂರಿಗೆ ಕಾರು ತಿರುಗಿಸ್ತಾರೆ ಅಂತಾದ ಮೇಲೆ ಜಿಲ್ಲಾ ಆಸ್ಪತ್ರೆಯ ಸಿಲಿಂಡರ್ ಎಣಿಸೋರು ಯಾರು? ಜೆಟ್ ಈ ಸಾಲಿನ ಕಟ್ಟಕಡೆಯ ಬಾಗಿಲು. ಅಲ್ಲಿಂದ ಎದ್ದುಹೋದವನಿಗೆ ರಸ್ತೆ, ಆಸ್ಪತ್ರೆ, ರೈಲು ಯಾವುದೂ ಕೆಟ್ಟದ್ದು ಗೊತ್ತೇ ಆಗಲ್ಲ. ಕೆಟ್ಟ ಮನುಷ್ಯ ಅಂತಲ್ಲ, ನಲವತ್ತು ಸಾವಿರ ಅಡಿ ಮೇಲಿಂದ ಗುಂಡಿ ಕಾಣಲ್ಲ.

ಹಾಗಂತ ವಿಮಾನವೇ ಖಳನಾಯಕ ಅಂತ ತೀರ್ಮಾನ ಮಾಡಬೇಡಿ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದಾಗ ಹುಬ್ಬಳ್ಳಿ, ಬೆಂಗಳೂರು ನಡುವೆ ಹಾರಿಸಿದ್ದು ಪುಟ್ಟ ಎಟಿಆರ್-42 ವಿಮಾನ. ಅದರ ಆ ಮಾದರಿಯ ತಯಾರಿಕೆ 1990ರ ದಶಕದಲ್ಲೇ ನಿಂತಿತ್ತು, ಅಂದ್ರೆ ಅದೂ ಪ್ರೀ-ಓನ್ಡ್! ಒಂದು ರೂಪಾಯಿ ಟಿಕೆಟ್ಟಿನ ಆಸೆಗೆ ಜನ ಮೊದಲ ಸಲ ಕಿಟಕಿಯಿಂದ ಮೋಡ ನೋಡಿದರು. ಆ ಹಳೇ ವಿಮಾನವೂ ಬಾಗಿಲೇ, ಆದರೆ ಹೆಚ್ಚು ಜನರಿಗೆ ತೆರೆದ ಬಾಗಿಲು. 2007ರಲ್ಲಿ ಏರ್ ಡೆಕ್ಕನ್ನಿನಲ್ಲಿ ದೊಡ್ಡ ಪಾಲು ಕೊಂಡಿದ್ದು ಮಲ್ಯ ಅವರ ಗುಂಪು. ಒಂದೇ ರಾಜ್ಯ, ಒಂದೇ ದಶಕ, ಎರಡು ಥರದ ಹಾರಾಟ, ಕೊನೆಗೆ ಒಂದೇ ಬ್ಯಾಲೆನ್ಸ್ ಶೀಟು. ಹಳೇ ವಿಮಾನ ಕೊಂಡಿದ್ದಾನಾ ಅಂತ ಕೇಳೋದಕ್ಕಿಂತ, ಅದರ ಬಾಗಿಲು ಎಷ್ಟು ಜನಕ್ಕೆ ತೆರೆಯುತ್ತೆ ಅಂತ ಕೇಳೋದು ವಾಸಿ.

ಇಷ್ಟು ಹೊತ್ತು ಜೆಟ್ ಇರೋರ ಬಗ್ಗೆ ಮಾತಾಡಿದ್ದು ಸುಲಭ, ಯಾಕಂದ್ರೆ ಇದನ್ನು ಓದೋ ನಮ್ಮಲ್ಲಿ ಯಾರ ಬಳಿಯೂ ಜೆಟ್ ಇಲ್ಲ. ಚಿಕ್ಕ ಚಿಕ್ಕ ಬಾಗಿಲುಗಳು ಮಾತ್ರ ಬೇಕಾದಷ್ಟಿವೆ. ಟ್ಯಾಂಕರ್ ನೀರು ಬರೋ ಅಪಾರ್ಟ್‌ಮೆಂಟು, ಜನರೇಟರು, ಕಂಪನಿ ಇನ್ಶೂರೆನ್ಸಿನ ಆಸ್ಪತ್ರೆ, ಇಂಟರ್‌ನ್ಯಾಷನಲ್ ಸ್ಕೂಲು, ದೇವಸ್ಥಾನದ ವಿಶೇಷ ದರ್ಶನದ ಟಿಕೆಟ್ಟು. ಪ್ರತಿಯೊಂದಕ್ಕೂ ನಮ್ಮ ಬಳಿ ಸಮಯದ ವಾದ ರೆಡಿ ಇದೆ. ನಾನು ಅಪ್ಪ ಅವ್ವನಿಗೆ ಹೆಲ್ತ್ ಇನ್ಶೂರೆನ್ಸ್ ಮಾಡಿಸಿದೀನಿ, ನಾಳೆಯೂ ಮಾಡಿಸ್ತೀನಿ. ಅವ್ವನನ್ನು ಸಾಯೋಕೆ ಬಿಟ್ಟು ಸಮಾನತೆ ಕಲಿಸೋ ತತ್ವ ನನಗೆ ಬೇಡ. ಎಲ್ಲ ಬಾಗಿಲನ್ನೂ ಮುಚ್ಚಿ ಅಂತ ಹೇಳೋದು ಬೂಟಾಟಿಕೆ.

ಹಾಗಾದ್ರೆ ಗೆರೆ ಎಲ್ಲಿ? ನನಗೆ ಸಿಕ್ಕಿರೋ ಉತ್ತರ ಗೋಪಾಲಸ್ವಾಮಿ ಬೆಟ್ಟದ್ದು. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಸ್ವಂತ ವಾಹನ ಬಿಡಲ್ಲ. ಕೆಳಗೆ ನಿಲ್ಲಿಸಿ, ಟಿಕೆಟ್ ತಗೊಂಡು, ಸರ್ಕಾರಿ ಬಸ್ಸು ಹತ್ತಬೇಕು. ಬೆಂಗಳೂರಿನ ಎಸ್‌ಯುವಿ ಮಾಲೀಕನೂ ಹಂಗಳದ ಅಜ್ಜಿಯೂ ಒಂದೇ ಕಂಬಿ ಹಿಡಿದು ತಿರುವಿನಲ್ಲಿ ಓಲಾಡ್ತಾರೆ. ಬಸ್ ತಡವಾದ್ರೆ ಎಸ್‌ಯುವಿಯವನೇ ಮೊದಲು ಕಂಡಕ್ಟರನ್ನ ಜೋರಾಗಿ ಕೇಳೋದು, ಅದರ ಲಾಭ ಅಜ್ಜಿಗೂ ಸಿಗುತ್ತೆ. ಕೆಳಗೆ ಇಳಿದ ಮೇಲೆ ಅವನ ಕಾರು ಅವನಿಗೇ, ಯಾರೂ ಕಿತ್ಕೊಳ್ಳಲ್ಲ.

ಇದು ನಾನು ಇಟ್ಕೊಂಡಿರೋ ಅಳತೆ. ಒಬ್ಬ ಮನುಷ್ಯ ಎಷ್ಟು ಬಾಗಿಲು ಕೊಂಡಿದ್ದಾನೆ ಅನ್ನೋದು ಎರಡನೇ ಪ್ರಶ್ನೆ. ಕೊಳ್ಳೋ ಶಕ್ತಿ ಇದ್ದೂ ಎಷ್ಟು ಕಡೆ ಕೊಳ್ಳದೆ ಎಲ್ಲರ ಜೊತೆ ನಿಂತಿದ್ದಾನೆ ಅನ್ನೋದು ಮೊದಲನೆಯದು. ಎಲ್ಲ ಗೇಟನ್ನೂ ದಾಟೋ ಯಂತ್ರವೇ ಜೆಟ್ ಆಗಿರೋದ್ರಿಂದ, ಅದನ್ನು ಕೊಳ್ಳುವವನಿಗೆ ಈ ಪ್ರಶ್ನೆ ಅತಿ ಭಾರ. ಅವನು ಅದಕ್ಕೆ ಉತ್ತರ ಕೊಡಲೇಬೇಕು, ಹಳೇ ವಿಮಾನದ ರಿಯಾಯಿತಿ ಅಲ್ಲಿ ನಡೆಯಲ್ಲ.

ನಮ್ಮ ಭಾರ ಅಷ್ಟಿಲ್ಲ, ಹಾಗಂತ ಸೊನ್ನೆಯೂ ಅಲ್ಲ. ಊರಿನ ಶಾಲೆಯ ಎಸ್‌ಡಿಎಂಸಿ ಸಭೆ, ತಾಲ್ಲೂಕು ಆಸ್ಪತ್ರೆಯ ಕ್ಯೂ, ಬಿಎಂಟಿಸಿ ಬಸ್ಸು, ವಾರ್ಡ್ ಸಭೆ: ಇವುಗಳಲ್ಲಿ ಒಂದನ್ನಾದರೂ ಆರಿಸಿಕೊಳ್ಳಬಹುದು. ಒಂದೇ ಒಂದು ಗೇಟಿನಲ್ಲಿ, ದಾಟೋ ದುಡ್ಡು ಜೇಬಲ್ಲಿದ್ದೂ, ನಿಂತು ನೋಡಬಹುದು. ಮೊದಲ ದಿನ ಬೇಜಾರಾಗುತ್ತೆ. ಎರಡನೇ ದಿನ ಸಿಟ್ಟು ಬರುತ್ತೆ. ಮೂರನೇ ದಿನ ಪಕ್ಕದಲ್ಲಿ ನಿಂತವರ ಹೆಸರು ಗೊತ್ತಾಗುತ್ತೆ, ಆಮೇಲೆ ಇಬ್ಬರೂ ಸೇರಿ ಒಳಗಿರೋ ಅಧಿಕಾರಿಯನ್ನು ಕೇಳಬಹುದು.